ದಿನಕ್ಕೆ ಏಳು ಪೌಂಡು

ಗ್ರಿಮ್ಸ್‌ಬಿಯಲ್ಲಿ ಈ ತಿಂಗಳು ನಾಲ್ಕಕ್ಕೇ ಕತ್ತಲು.
ಹಿಂದೆ ಮೀನಿಗೆ ಹೊಗೆ ಹಾಕುತ್ತಿದ್ದ ಕಟ್ಟಡದ ಮಹಡಿಯಲ್ಲಿ
ನಮ್ಮ ಪ್ರಕಾಶನ: ಎರಡು ಮೇಜು, ಒಂದು ಹೀಟರು,
ಮಾರಾಟವಾಗದ ಪೆಟ್ಟಿಗೆಗಳ ಮೇಲೆ ನನ್ನ ಟೀ ಲೋಟ.
ಗೋಡೆ ಇನ್ನೂ ಹ್ಯಾಡಕ್ ವಾಸನೆ.
ಹೊಸ ಪುಸ್ತಕ ಬಿಡಿಸಿ ಮೂಸಿದರೂ
ಮೂಗಿಗೆ ಮೊದಲು ಸಿಗುವುದು ಮೀನೇ.

‘ಒಳ್ಳೆಯ ಕಾದಂಬರಿ ತನ್ನ ಕಾಲ ಮೇಲೆ ತಾನೇ ನಡೆಯುತ್ತೆ’
ಅನ್ನುತ್ತಿದ್ದ ಫಿಲಿಪ್ಪಾ,
ಹತ್ತೊಂಬತ್ತು ಪ್ರತಿ ನಡೆದು ನಿಂತ ಮೇಲೆ,
ಮಗುವಿನ ಹುಂಡಿ ಒಡೆದವಳ ದನಿಯಲ್ಲಿ ಹೇಳಿದಳು:
‘ದಿನಕ್ಕೆ ಏಳು ಪೌಂಡು. ಎರಡು ವಾರ. ಅಷ್ಟೆ.’
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಲೋಟ ಹಿಡಿದು ನಾನು ಆನೆ ಹುಡುಕುತ್ತ ಕೂತೆ.

ಪರದೆ ಕೇಳಿತು: ಯಾರಿಗೆ?
ಐವತ್ತರಿಂದ ಮೇಲೆ ಅಂದೆ.
ನಲವತ್ತೊಂಬತ್ತರವರು ಹೊರಟ ಬಸ್ಸಿನ ಹಿಂದೆ
ಚೀಲ ಹಿಡಿದು ನಿಂತುಬಿಟ್ಟರು.
ಊರು? ಕಡಲಿಂದ ನಲವತ್ತು ಮೈಲಿಯೊಳಗೆ.
ಆಸಕ್ತಿ?
ಹೆಣಿಗೆ, ಹಳೆಯ ಹಡಗು, ಟೊಮೇಟೊ ಸಸಿ,
ಬೆಕ್ಕು. ಬೆಕ್ಕು ಯಾವತ್ತೂ ಇರಲಿ.
‘ಗಂಡನ ಮೌನ’ ಎಂದು ಟೈಪು ಮಾಡಿದೆ:
ಅಂಥದ್ದು ಸಿಗಲಿಲ್ಲ.
‘ಬಾಗಿಲ ಸದ್ದಿಗೆ ಎದ್ದು ಕೂರುವವರು’:
ಸಿಗಲಿಲ್ಲ.
ಗೃಹಾಲಂಕಾರ ಇದೆ, ಆಗಬಹುದೇ? ಎಂದಿತು.

ಕತೆ ಇಷ್ಟೇ:
ಐಸ್‌ಲ್ಯಾಂಡಿನ ಕಡಲಿಂದ ಗಂಡ ಮರಳುತ್ತಾನೆ
ಬೇರೆ ಯಾರದೋ ಕೋಟು ತೊಟ್ಟು.
ಹೆಂಡತಿ ಅದರ ಬಿದ್ದುಹೋದ ಗುಂಡಿ ಹೊಲಿಯುತ್ತಾಳೆ,
ಮೂವತ್ತು ವರ್ಷ, ಯಾರದೆಂದು ಕೇಳದೆ.
ಇದನ್ನು ತೊಂಬತ್ತು ಅಕ್ಷರಕ್ಕೆ ಇಳಿಸಿ
ಕೆಳಗೆ ಇಡಬೇಕು: ‘ಈಗಲೇ ಕೊಳ್ಳಿ.’
ಅವಳು ಹೊಲಿದದ್ದೂ ಗುಂಡಿ,
ನಾನು ಒತ್ತಿರೆಂದು ಇಟ್ಟದ್ದೂ ಗುಂಡಿ,
ಏಳೇಳು ಪೌಂಡು ದಿನಾ ಬೀಳುವುದೂ
ಗುಂಡಿಗೇ.

ಡಂಗುರದವನಿಗೆ ಬೀದಿಯಾದರೂ ಇತ್ತು.
ಬೇಡದವರ ಕಿವಿಗೂ ಬೀಳುತ್ತಿತ್ತು, ನಾಯಿ ಬೊಗಳುತ್ತಿತ್ತು.
ನನ್ನದು ಒಂದೊಂದೇ ಕಿವಿಯ ಡಂಗುರ.
ಅದೇ ಸೋಫಾದ ಆ ಕೊನೆಯಲ್ಲಿ ಕೂತವರಿಗೂ
ಕೇಳಿಸದು.

ಎಂಟನೆಯ ದಿನದ ಲೆಕ್ಕ:
ಹನ್ನೊಂದು ಸಾವಿರ ಸಲ ತೋರಿಸಿದೆ,
ಅರವತ್ತಮೂರು ಸಲ ಒತ್ತಿದ್ದಾರೆ,
ಕೊಂಡದ್ದು ನಾಲ್ಕು. ಒಂದು ವಾಪಸು.
ಮತ್ತೆ ಒಂದು ವಿಚಿತ್ರ:
ಕ್ಲೀಥಾರ್ಪ್ಸ್, ರಾತ್ರಿ ಎರಡು ಗಂಟೆ, ಒಂದು.
ನಿನ್ನೆ ಒಂದು. ಮೊನ್ನೆಯೂ.
ಸಿಕ್ಕಿತಲ್ಲ ಆನೆ, ಅಂದುಕೊಂಡೆ.

ಗುರುವಾರ ಲೇಖಕಿ ಬಂದಳು, ಥೆಲ್ಮಾ ಡ್ರೂರಿ,
ಎಪ್ಪತ್ತನಾಲ್ಕು, ಬಂದರಿನಲ್ಲಿ ಮೀನು ತೂಗಿ
ಲೆಕ್ಕ ಬರೆದು ನಿವೃತ್ತಿಯಾದವಳು.
ಭುಜಕ್ಕೆ ದೊಡ್ಡದಾದ ಗಂಡಸರ ಕೋಟು.
ನಾನೂ ಕೇಳಲಿಲ್ಲ.
‘ನಿದ್ದೆ ಬರೋಲ್ಲ ನೋಡು. ಫೋನು ತೆಗೀತೀನಿ,
ಬೆಕ್ಕಿನ ಬಿಸ್ಕತ್ತಿನ ಪಕ್ಕ ನನ್ನ ಪುಸ್ತಕ!
ಒತ್ತಿದರೆ ಅಂಗಡಿ ತೆರೆಯುತ್ತೆ,
ಅಲ್ಲೂ ನನ್ನ ಹೆಸರು ಇರುತ್ತೆ. ಇದೆಯಲ್ಲ ಅಂತ ನೋಡಿ
ಮಲಗ್ತೀನಿ.’

ಒಂದು ಒತ್ತಿಗೆ ಎಂಬತ್ತೊಂಬತ್ತು ಪೆನ್ನಿ.
ಒಂದು ಪ್ರತಿ ಮಾರಿದರೆ ಅವಳಿಗೆ ಬರುವುದು ಎಪ್ಪತ್ತು.
ತೂಕದ ಲೆಕ್ಕ ನನಗಿಂತ ಚೆನ್ನಾಗಿ ಬಲ್ಲವಳು.
‘ಇನ್ನೊಂದು ಸ್ವಲ್ಪ ಟೀ?’ ಅಂದೆ.

ಹದಿನಾಲ್ಕನೆಯ ಸಂಜೆ, ಫಿಲಿಪ್ಪಾ ಹೋದ ಮೇಲೆ,
ಕರಾವಳಿಯ ಊರುಗಳನ್ನೆಲ್ಲ ಅಳಿಸಿ
ಕ್ಲೀಥಾರ್ಪ್ಸ್ ಒಂದನ್ನು ಉಳಿಸಿದೆ.
ಅರವತ್ತೈದರ ಮೇಲೆ. ಬೆಕ್ಕು.
ರಾತ್ರಿ ಎರಡರಿಂದ ಮೂರು.
ಕೆಂಪಕ್ಷರದಲ್ಲಿ ಪರದೆ ಎಚ್ಚರಿಸಿತು:
ನಿಮ್ಮ ಓದುಗ ಬಳಗ ತೀರಾ ಸಣ್ಣದು.
ಮುಂದುವರಿಯಬೇಕೇ?

ಹೀಟರು ಆರಿಸಿದೆ.
ಕತ್ತಲಲ್ಲಿ ಪರ್ಸು ತಡಕಿ
ನನ್ನ ಕಾರ್ಡಿನ ಸಂಖ್ಯೆ
ಒಂದೊಂದಾಗಿ ಒತ್ತತೊಡಗಿದೆ.